ಹಿತ್ತಲಿಗೆ ರೆಡಿಮೇಡ್ ಕೋಳಿಗೂಡು: ಹತ್ತರ ಗೂಡಿನಲ್ಲಿ ಆರೇ ಸಾಕು

ನಟ್ಟು-ಬೋಲ್ಟು ಹಾಕಿ ಜೋಡಿಸಿಕೊಳ್ಳುವ ಕಬ್ಬಿಣದ ಗೂಡು: 4 ಅಡಿ ಉದ್ದ, 3 ಅಡಿ ಅಗಲ, ಗೋಡೆ 3 ಅಡಿ. ಚೌಕಟ್ಟು ಗಟ್ಟಿಯಾಗಿದೆ, ಕಾಲು ಒಂದಡಿ ಎತ್ತರವಿರುವುದರಿಂದ ಮಳೆನೀರು ಒಳಗೆ ಬರುವುದಿಲ್ಲ. ಆದರೆ ಮಾರುವವರು ಹೇಳುವ ‘10 ಕೋಳಿಗೆ’ ಎನ್ನುವ ಲೆಕ್ಕ ತಪ್ಪು. ಒಂದಕ್ಕೆ 2 ಚದರಡಿಯಂತೆ 12 ಚದರಡಿಯಲ್ಲಿ ಆರು ಕೋಳಿ, ಅದೂ ಹಗಲೆಲ್ಲ ಹೊರಗೆ ಮೇಯಲು ಬಿಟ್ಟರೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಗಿರಿರಾಜ ತಳಿಯಂಥ ದಪ್ಪ ಕೋಳಿಗಳನ್ನು ಇಕ್ಕಟ್ಟಿನಲ್ಲಿ ಕೂಡಿದರೆ ಒಂದರ ಪುಕ್ಕ ಇನ್ನೊಂದು ಕೀಳುತ್ತದೆ. ರಕ್ತ ಕಂಡರಂತೂ ಉಳಿದವೂ ಅಲ್ಲೇ ಕುಕ್ಕುತ್ತವೆ.

ದೊಡ್ಡ ಕೊರತೆ ಜಾಲರಿಯದು. ಕಣ್ಣು 1 ಇಂಚು. ಕೋಳಿ ಹೊರಗೆ ಹೋಗದು, ಆದರೆ ಸುಂಡಿಲಿ, ಹಾವಿನ ಮರಿ ಸಲೀಸಾಗಿ ಒಳಗೆ ಬರುತ್ತವೆ. ಅರ್ಧ ಇಂಚಿನ ವೆಲ್ಡ್ ಮೆಶ್ ತಂದು ಮೇಲಿಂದ ಹೊದಿಸಲೇಬೇಕು. ಸುತ್ತಳತೆ 14 ಅಡಿ. 3 ಅಡಿ ಅಗಲದ ರೋಲಿನಿಂದ 15 ಅಡಿ ಕತ್ತರಿಸಿಕೊಂಡರೆ ಬಾಗಿಲೂ ಸೇರಿ ನಾಲ್ಕು ಬದಿಗೆ ಸಾಕು. ಮೆಶ್ಶನ್ನು ಹೊರಗಡೆಯಿಂದಲೇ ಕಟ್ಟಿ, 4 ಇಂಚಿಗೊಂದು ತಂತಿ ಬಿಗಿಯಿರಿ. ನಾಯಿ ಹೊರಗಿಂದ ನೂಕಿದಾಗ ಮೆಶ್ ಚೌಕಟ್ಟಿಗೇ ಒತ್ತಿಕೊಳ್ಳುತ್ತದೆ. ಒಳಗೆ ಕಟ್ಟಿದ್ದರೆ ತಂತಿ ಕಿತ್ತುಬರುತ್ತದೆ. ಅಗ್ಗಕ್ಕೆ ಸಿಗುವ ಆರುಮೂಲೆಯ ತೆಳು ಜಾಲರಿ ಬೇಡ, ನಾಯಿ ಹಲ್ಲಿನಲ್ಲೇ ಹರಿಯುತ್ತದೆ. ಬಾಗಿಲಿನ ಚಿಲಕ ಅಲುಗಾಡಿಸಿದರೆ ಜಾರುತ್ತದೆ, ಒಂದು ಕೊಕ್ಕೆ ಹೆಚ್ಚಿಗೆ ಹಾಕಿ.

ತಳವೂ ಬರಿ ತಂತಿ. ಹಿಕ್ಕೆ ಕೆಳಗಿನ ಟ್ರೇಗೆ ಬೀಳುವುದು ಅನುಕೂಲವೇ, ಆದರೆ ಭಾರದ ಕೋಳಿಗಳಿಗೆ ಅಂಗಾಲು ಗಾಯವಾಗಿ ಬಾವು ಬರುತ್ತದೆ. ಮುಕ್ಕಾಲು ಭಾಗಕ್ಕೆ ಅಡಿಕೆ ದಬ್ಬೆಯನ್ನೋ ಹಲಗೆಯನ್ನೋ ಹಾಸಿ 2-3 ಇಂಚು ಭತ್ತದ ಹೊಟ್ಟು ಹರಡಿ. ಒಂದು ಹಿಡಿ ಹೊಟ್ಟನ್ನು ಹಿಚುಕಿ ನೋಡಿ: ಉಂಡೆಯಾಗಿ ನಿಂತರೆ ಒದ್ದೆ ಹೆಚ್ಚಾಗಿದೆ, ಬದಲಾಯಿಸಬೇಕು. ಬಗ್ಗಿದಾಗ ಕಣ್ಣು ಉರಿಯುವಷ್ಟು ಘಾಟು ಬರುವವರೆಗೆ ಬಿಟ್ಟರೆ ಕೋಳಿಗಳ ಉಸಿರಾಟ ಕೆಡುತ್ತದೆ.

ಕೂರಲು ಕೊಟ್ಟಿರುವ ಮುಕ್ಕಾಲು ಇಂಚಿನ ಪೈಪು ಕಾಲಿಗೆ ಹಿಡಿತ ಕೊಡುವುದಿಲ್ಲ. 2 ಇಂಚು ದಪ್ಪದ ಗಾಳಿಮರದ ಕೋಲನ್ನು ಒಂದೂವರೆ ಅಡಿ ಎತ್ತರಕ್ಕೆ ಕಟ್ಟಿ; ತಲಾ 8 ಇಂಚು ಎಂದರೆ ಇಲ್ಲೂ ಆರೇ ಕೋಳಿ. ಮೊಟ್ಟೆಯಿಡಲು ಒಂದಡಿ ಚೌಕದ ಎರಡು ಪೆಟ್ಟಿಗೆ ಸಾಕು. ಅವು ಕೋಲಿಗಿಂತ ಕೆಳಗಿರಲಿ, ಇಲ್ಲದಿದ್ದರೆ ಕೋಳಿಗಳು ರಾತ್ರಿ ಅದರಲ್ಲೇ ಮಲಗಿ ಹಿಕ್ಕೆ ಹಾಕುತ್ತವೆ.

ತಗಡಿನ ಚಾವಣಿಗೆ ಬೇಸಿಗೆಯಲ್ಲಿ ತೆಂಗಿನ ಗರಿ ಹೊದಿಸಿ.

ವೆಲ್ಡಿಂಗ್ ಅಂಗಡಿ ಹತ್ತಿರವಿದ್ದರೆ ಇದೇ ಅಳತೆ ಕೊಟ್ಟು ಅರ್ಧ ಇಂಚಿನ ಮೆಶ್ಶಿನಲ್ಲೇ ಮಾಡಿಸುವುದು ಮೇಲು. ರೆಡಿಮೇಡೇ ಬೇಕೆಂದರೆ ಕೊಳ್ಳುವ ಮೊದಲು ಬಾಗಿಲು ಅಳೆಯಿರಿ. ಒಂದೂವರೆ ಅಡಿಗಿಂತ ಕಿರಿದಾಗಿದ್ದರೆ ಕೈಯೂ ಸಲಿಕೆಯೂ ಮೂಲೆ ಮುಟ್ಟುವುದಿಲ್ಲ.