ಸ್ಟೆಪ್ನಿ ಇಲ್ಲದ ಕಾರು, ಸಾದಾ ಟೈರು: 21 ಸಾವಿರ ಕಿಲೋಮೀಟರ್ ಆದಮೇಲೆ

ನನ್ನದು ಬಿಎಂಡಬ್ಲ್ಯು ಝಡ್4. ಇ89 ಮಾಡೆಲ್, ಸೆಕೆಂಡ್ ಹ್ಯಾಂಡ್. ಎರಡೇ ಸೀಟು, ಮಡಚಿಕೊಳ್ಳುವ ಲೋಹದ ಟಾಪು. ಹಳೇ ಸ್ಪೋರ್ಟ್ಸ್ ಕಾರು ತಗೊಂಡರೆ ಕಾರಿಗಿಂತ ಅದರ ರಿಪೇರಿಯೇ ಜಾಸ್ತಿ ಆಗುತ್ತದೆ ಅಂತ ಎಲ್ಲರೂ ಹೆದರಿಸಿದ್ದರು. ಇಂಜಿನ್ ಕೈಕೊಡಬಹುದು, ಟಾಪು ಮಳೆಯಲ್ಲಿ ಅರ್ಧಕ್ಕೇ ನಿಲ್ಲಬಹುದು ಅಂತ ನಾನೂ ಒಂದಿಷ್ಟು ದುಡ್ಡು ಎತ್ತಿಟ್ಟಿದ್ದೆ. ಅವೆರಡೂ ಇವತ್ತಿನ ತನಕ ತಕರಾರು ಮಾಡಿಲ್ಲ. ನನ್ನ ನಿದ್ದೆ ಕೆಡಿಸಿದ್ದು ಟೈರು.

ಈ ಕಾರು ಫ್ಯಾಕ್ಟರಿಯಿಂದಲೇ ರನ್‌ಫ್ಲಾಟ್ ಟೈರಿನಲ್ಲಿ ಬರುತ್ತದೆ. ಗಾಳಿ ಪೂರ್ತಿ ಹೋದರೂ ಕುಸಿಯದಷ್ಟು ಗಟ್ಟಿ ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆ. ಪಂಕ್ಚರ್ ಆದರೆ 80ರ ಸ್ಪೀಡ್ ದಾಟದೆ ಸುಮಾರು 80 ಕಿ.ಮೀ. ಹೋಗಬಹುದು. ಅದನ್ನೇ ನಂಬಿ ಡಿಕ್ಕಿಯಲ್ಲಿ ಸ್ಟೆಪ್ನಿಗೆ ಜಾಗವನ್ನೇ ಇಟ್ಟಿಲ್ಲ. ನಾನು ಕಾರು ತಗೊಂಡಾಗ ನಾಲ್ಕೂ ಟೈರಿಗೆ ಆರು ವರ್ಷ ದಾಟಿತ್ತು. ಬಟನ್ (ನೆಲ ಹಿಡಿಯುವ ಉಬ್ಬು) ಬೇಕಾದಷ್ಟಿತ್ತು, ಆದರೆ ರಬ್ಬರು ಮರವಾಗಿತ್ತು. ಬೆಂಗಳೂರಿನ ನಮ್ಮ ಏರಿಯಾದ ರಸ್ತೆಗೆ ವೈಟ್ ಟಾಪಿಂಗ್ ಆಗಿದೆ. ಕಾಂಕ್ರೀಟಿನ ಒಂದೊಂದು ಜಾಯಿಂಟಿಗೂ ಸೊಂಟಕ್ಕೊಂದು ಗುದ್ದು. ಮಳೆ ಬಂದ ದಿನ ಸಿಗ್ನಲ್‌ನಲ್ಲಿ ಸ್ವಲ್ಪ ಜೋರಾಗಿ ಎತ್ತಿದರೂ ಹಿಂಭಾಗ ಅಲ್ಲಾಡುತ್ತಿತ್ತು. ಮೂರು ತಿಂಗಳು ಸಹಿಸಿಕೊಂಡೆ. 2022ರ ಜನವರಿಯಲ್ಲಿ ಹುಡುಕಲು ಹೊರಟೆ.

ನನ್ನ 18 ಇಂಚಿನ ರಿಮ್ಮಿಗೆ ಮುಂದೆ 225/40, ಹಿಂದೆ 255/35. ಮೊದಲನೆಯದು ಟೈರಿನ ಅಗಲ, ಮಿ.ಮೀ. ಲೆಕ್ಕದಲ್ಲಿ; ಎರಡನೆಯದು ಸೈಡ್‌ವಾಲಿನ ಎತ್ತರ ಆ ಅಗಲದ ಶೇಕಡಾ ಎಷ್ಟು ಅಂತ. ಬೇಕಾದದ್ದು ಸಾದಾ, ಅಂದರೆ ರನ್‌ಫ್ಲಾಟ್ ಅಲ್ಲದ ಟೈರು, ಒಳ್ಳೆ ಗ್ರಿಪ್ಪಿನದ್ದು. ಇದೇನು ಮಹಾ, ಬೆಂಗಳೂರಿನ ಟೈರು, ಬಿಡಿಭಾಗದ ಅಂಗಡಿಗಳ ಜೆ.ಸಿ. ರೋಡಿಗೆ ಹೋದರೆ ಮಧ್ಯಾಹ್ನದೊಳಗೆ ಮುಗಿಯುತ್ತದೆ ಅಂದುಕೊಂಡೆ. ಐದು ವಾರ ಬೇಕಾಯಿತು.

2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧದ ಪಟ್ಟಿಗೆ ಹಾಕಿತು. ಲೈಸೆನ್ಸ್ ಇಲ್ಲದೆ ತರಿಸುವ ಹಾಗಿಲ್ಲ. ಸ್ವಿಫ್ಟ್, ಕ್ರೆಟಾ ಇಟ್ಟುಕೊಂಡವರಿಗೆ ಇದರ ಬಿಸಿ ತಟ್ಟಿರಲಿಕ್ಕಿಲ್ಲ, ಆ ಸೈಜುಗಳು ಇಲ್ಲೇ ತಯಾರಾಗುತ್ತವೆ. ನಮ್ಮಂಥ ಬೆರಳೆಣಿಕೆಯ ಸೈಜಿನವರು ಮಾತ್ರ ಬಂದಷ್ಟರಲ್ಲಿ ಆರಿಸಿಕೊಳ್ಳಬೇಕು. ಅದರಲ್ಲೂ ಮುಂದಿನದು ಸಿಕ್ಕರೆ ಹಿಂದಿನದಿಲ್ಲ, ಹಿಂದಿನದು ಸಿಕ್ಕರೆ ಒಂದೇ ಇದೆ. ಇನ್ನೊಂದು ಎಲ್ಲಿ ಅಂದರೆ "ಬರುತ್ತೆ ಸಾರ್" ಅನ್ನುವ ಉತ್ತರ.

ಒಂದು ಅಂಗಡಿಯಲ್ಲಿ ಹಿಂದಕ್ಕೆ 255/40 ಹಾಕಿಕೊಡುತ್ತೇವೆ ಅಂದರು. "ಐದೇ ಪಾಯಿಂಟ್ ವ್ಯತ್ಯಾಸ, ಅಡ್ಜಸ್ಟ್ ಆಗುತ್ತೆ ಸಾರ್." ಹೊರಗೆ ಬಂದು ಟೀ ಕುಡಿಯುತ್ತಾ ಮೊಬೈಲಲ್ಲಿ ಲೆಕ್ಕ ಹಾಕಿದೆ. ಕಂಪನಿ ಸೈಜಿನಲ್ಲಿ ಮುಂದಿನ ಟೈರಿನ ವ್ಯಾಸ 637 ಮಿ.ಮೀ., ಹಿಂದಿನದು 636. ಅಗಲ ಬೇರೆಯಾದರೂ ಎತ್ತರ ಹೆಚ್ಚುಕಮ್ಮಿ ಒಂದೇ. 255/40 ಹಾಕಿದರೆ ಹಿಂದಿನದು 661 ಆಗಿಬಿಡುತ್ತದೆ. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ನೋಡುವ ಎಬಿಎಸ್ಸು, ಚಕ್ರ ಜಾರದಂತೆ ನೋಡುವ ಟ್ರ್ಯಾಕ್ಷನ್ ಕಂಟ್ರೋಲು ಎಲ್ಲ ನಾಲ್ಕು ಚಕ್ರ ತಿರುಗುವ ವೇಗವನ್ನು ಹೋಲಿಸಿಯೇ ಕೆಲಸ ಮಾಡುವುದು. ಎರಡೂವರೆ ಸೆಂಟಿಮೀಟರ್ ವ್ಯತ್ಯಾಸ ಅಂದರೆ ಅವುಗಳ ತಲೆ ಕೆಡಿಸಿದ ಹಾಗೆ. ಟೀ ದುಡ್ಡು ಕೊಟ್ಟು ಮುಂದೆ ಹೋದೆ.

ಇನ್ನೊಂದು ಕಡೆ ನಾಲ್ಕೂ ಇತ್ತು, ಡಿಸ್ಕೌಂಟೂ ಇತ್ತು. ನನಗೆ ಆಗಲೇ ಅನುಮಾನ ಬಂತು. ಸೈಡ್‌ವಾಲ್ ಮೇಲೆ ಟಾರ್ಚ್ ಬಿಟ್ಟು ನಾಲ್ಕಂಕಿಯ ನಂಬರ್ ನೋಡಿದೆ: 1918. ಅಂದರೆ 2018ನೇ ಇಸವಿಯ 19ನೇ ವಾರ. "ಗೋಡೌನಲ್ಲೇ ಇತ್ತಲ್ಲ ಸಾರ್, ಬಿಸಿಲೇ ನೋಡಿಲ್ಲ" ಅಂದರು. ಬಿಸಿಲು ನೋಡದ ಮಾವಿನಕಾಯಿಯೂ ಕೊಳೆಯುತ್ತದೆ ಅಲ್ವಾ?

ಕೊನೆಗೆ ಉಪಾಯ ಹೊಳೆದಿದ್ದು ಒಬ್ಬ ಅಲೈನ್‌ಮೆಂಟ್ ಹುಡುಗನ ಮಾತಿನಿಂದ. ಝಡ್4ಗೆ ಟೈರು ಇದೆಯಾ ಅಂತ ಕೇಳಿದರೆ ಅಂಗಡಿಯವರು ಮೊದಲು ಹೊರಗೆ ಬಂದು ಕಾರು ನೋಡುತ್ತಾರೆ, ಆಮೇಲೆ ರೇಟು ಹೇಳುತ್ತಾರೆ. ಇದೇ ಜೋಡಿ ಸೈಜು ಹಳೇ ಮರ್ಸಿಡಿಸ್ ಸಿ ಕ್ಲಾಸಿಗೂ (ಡಬ್ಲ್ಯು204), ಬಿಎಂಡಬ್ಲ್ಯುವಿನದೇ ಹಳೇ ತ್ರೀ ಸೀರೀಸ್‌ಗೂ (ಇ90) 18 ಇಂಚಿನ ರಿಮ್ಮಿನಲ್ಲಿ ಬರುತ್ತಿತ್ತು. ಆ ಕಾರುಗಳು ಊರೂರಲ್ಲಿ ಇವೆ. ಅವತ್ತಿನಿಂದ ಫೋನಿನಲ್ಲಿ "ಹಳೇ ಸಿ ಕ್ಲಾಸ್" ಅಂತಲೇ ಕೇಳಿದೆ. ಮುಂದಿನ ಎರಡು ಬೆಂಗಳೂರಲ್ಲೇ ಸಿಕ್ಕವು. ಹಿಂದಿನ ಎರಡು ಕೊಯಮತ್ತೂರಿನಿಂದ ಲಾರಿಯಲ್ಲಿ ಬಂದವು. ನಾಲ್ಕೂ ಮಿಶೆಲಿನ್ ಪೈಲಟ್ ಸ್ಪೋರ್ಟ್ 4, ನಾಲ್ಕೂ 2021ರ ಕೊನೆಯ ಸ್ಟಾಕು.

ರೇಟು: ಮುಂದಿನದು ತಲಾ 17,500, ಹಿಂದಿನದು ತಲಾ 23,000. ಒಟ್ಟು 81,000. ಆಗ ಇದರಲ್ಲಿ ಜಿಎಸ್‌ಟಿಯೇ ಶೇ. 28. ಅಪ್ಪನಿಗೆ ರೇಟು ಹೇಳಲಿಲ್ಲ. ಅಮ್ಮನಿಗೆ ಅರ್ಧ ಹೇಳಿದೆ.

ಈಗ ಟೈರಿನ ಮಾತು. ಎಷ್ಟು ಸ್ಪೀಡ್ ತಡೆಯುತ್ತದೆ ಅಂತ ಟೈರಿನ ಮೇಲೆ ಒಂದು ಅಕ್ಷರ ಇರುತ್ತದೆ, ಇದರ ಮೇಲೆ ವೈ. ವೈ ಅಂದರೆ ಗಂಟೆಗೆ 300 ಕಿ.ಮೀ. ತನಕ ತಡೆಯುತ್ತದಂತೆ. ನಮ್ಮ ಮೈಸೂರು ಹೈವೇಯಲ್ಲಿ ನೂರು ದಾಟಿದರೆ ಚಲನ್ ಬರುತ್ತದೆ, ಬಿಡಿ.

ಅಂಗಡಿಯಿಂದ ಹೊರಟು ಮೊದಲ ಕಾಂಕ್ರೀಟ್ ಜಾಯಿಂಟ್ ಬಂದಾಗ ಅಭ್ಯಾಸಬಲದಿಂದ ಹಲ್ಲು ಕಚ್ಚಿ ಕೂತೆ. ಏನೂ ಆಗಲಿಲ್ಲ. ಒಂದು ಸಣ್ಣ "ತುಪ್" ಅಷ್ಟೇ. ಎರಡನೆಯದು, ಮೂರನೆಯದು, ಹಾಗೇ ತುಪ್, ತುಪ್. ಡ್ಯಾಶ್‌ಬೋರ್ಡಿನೊಳಗೆ ಎಲ್ಲೋ ಕಟಕಟ ಅನ್ನುತ್ತಿದ್ದ ಶಬ್ದ ಮಾಯ. ಅದನ್ನು ಹುಡುಕಲಿಕ್ಕೆ ಅಂತ ಎರಡು ಸಲ ಡ್ಯಾಶ್ ಬಿಚ್ಚಿಸಿದ್ದೆ! ಸಸ್ಪೆನ್ಷನ್ ಬದಲಾಯಿಸಿದ್ದೀರಾ ಅಂತ ಕೇಳಿದ ಗೆಳೆಯರೂ ಇದ್ದಾರೆ. ಸೈಡ್‌ವಾಲಿನ ಎತ್ತರ ಮುಂಚೆಯೂ ಅಷ್ಟೇ, ಈಗಲೂ ಅಷ್ಟೇ. ಒಂಬತ್ತು ಸೆಂಟಿಮೀಟರ್, ನನ್ನ ಅಂಗೈ ಅಗಲ. ಆದರೆ ಈ ಅಂಗೈ ಬಾಗುತ್ತದೆ. ಸ್ಟೀರಿಂಗ್ ತಿರುಗಿಸಿದ ತಕ್ಷಣದ ಆ ಚುರುಕು ಒಂದು ಕೂದಲೆಳೆ ಕಮ್ಮಿಯಾಯಿತು ಅನ್ನುವುದು ನಿಜ. ಎರಡನೇ ವಾರಕ್ಕೆ ಮರೆತುಹೋಯಿತು. ಒದ್ದೆ ರಸ್ತೆಯಲ್ಲಂತೂ ಹಿಂದಿನ ಚಕ್ರಗಳು ನೆಲ ಹಿಡಿದುಕೊಂಡೇ ಇರುತ್ತವೆ.

ಅಲ್ಲಿಂದ ಭಾನುವಾರ ಬೆಳಗ್ಗೆ ನನ್ನದೊಂದು ಪದ್ಧತಿ ಶುರುವಾಯಿತು. ಐದೂಮುಕ್ಕಾಲಿಗೆ ಕೆಳಗಿಳಿದು, ಟೈರು ತಣ್ಣಗಿರುವಾಗಲೇ ಗಾಳಿ ನೋಡುವುದು. ಪೆಟ್ರೋಲ್ ಬಂಕಿನ ಮೀಟರನ್ನು ನಾನು ನಂಬುವುದಿಲ್ಲ, ಒಂದೊಂದು ಬಂಕಿನಲ್ಲಿ ಒಂದೊಂದು ಪಂಚಾಂಗ. ನನ್ನದೇ ಡಿಜಿಟಲ್ ಗೇಜು ಇದೆ. ಮುಂದೆ 32 ಪಿಎಸ್‌ಐ, ಹಿಂದೆ 34. ಆಮೇಲೆ ಹಳೇ ಗೋದ್ರೆಜ್ ಬೀಗದ ಕೀ ಹಿಡಿದು ಬಟನ್ ಸಂದಿಯ ಜಲ್ಲಿಕಲ್ಲು ಒಂದೊಂದೇ ಕೀಳುವುದು. ಅಗಲ ಟೈರು ನೋಡಿ, ವಾರಕ್ಕೆ ಒಂದು ಹಿಡಿ ಸಿಗುತ್ತದೆ. ಕಲ್ಲು ಟಣ್ ಅಂತ ನೆಲಕ್ಕೆ ಬೀಳುವ ಶಬ್ದದಲ್ಲಿ ಏನೋ ಒಂದು ಸುಖ. ಪಕ್ಕದ ಮನೆ ಅಜ್ಜ ವಾಕಿಂಗ್ ಹೊರಟವರು ನಿಂತು, "ಏನಪ್ಪಾ, ವಾರ ವಾರ ಪಾದಪೂಜೆ" ಅನ್ನುತ್ತಾರೆ. ಆಯುಧಪೂಜೆ ದಿನ ನಾಲ್ಕು ಟೈರಿನ ಕೆಳಗೂ ನಿಂಬೆಹಣ್ಣು ಇಟ್ಟು ಕಾರು ಮುಂದೆ ತಗೊಂಡಾಗ, ಅಗಲ ಹೆಚ್ಚಿರುವ ಹಿಂದಿನ ಚಕ್ರದ ಹಣ್ಣಿನ ರಸ ಜಾಸ್ತಿ ದೂರ ಚಿಮ್ಮಿತು ಅಂತ ಅವರೇ ತೀರ್ಪು ಕೊಟ್ಟರು.

ಇಷ್ಟಕ್ಕೇ ನಿಲ್ಲಿಸಿದ್ದರೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ. ಆದರೆ 2023ರ ಜುಲೈ ಬಂತು.

ಮಂಗಳೂರಿಗೆ ಹೊರಟಿದ್ದೆವು, ನಾನು ಮತ್ತು ಹೆಂಡತಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆವು. ಸಂಜೆ ಆರೂವರೆ. ಮಳೆ, ಮಂಜು, ಬಂಡೆ ಮೇಲಿಂದ ರಸ್ತೆಗೇ ಸುರಿಯುವ ನೀರು. ಹಿಂದಿನ ಬಲ ಚಕ್ರ ಭಾರ ಅನ್ನಿಸಿತು. ಸ್ವಲ್ಪ ಹೊತ್ತಿನ ಮೇಲೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ. ನನ್ನ ಕಾರಿನ ಟೈರಿನೊಳಗೆ ಸೆನ್ಸರ್ ಇಲ್ಲ. ಗಾಳಿ ಇಳಿದ ಚಕ್ರ ಬೇಗ ತಿರುಗುವುದನ್ನು ನೋಡಿ ಕಾರು ಲೆಕ್ಕ ಹಾಕುತ್ತದೆ, ಹಾಗಾಗಿ ಸುದ್ದಿ ತಡವಾಗಿಯೇ ಬರುತ್ತದೆ. ತಿರುವಿನಲ್ಲಿ ಸ್ವಲ್ಪ ಜಾಗ ನೋಡಿ ನಿಲ್ಲಿಸಿದೆ. ಟೈರು ಅರ್ಧ ಕೂತಿತ್ತು. ಫೋನಿಗೆ ನೆಟ್‌ವರ್ಕ್ ಇಲ್ಲ. ಸ್ಟೆಪ್ನಿ ಹೇಗೂ ಇಲ್ಲ.

ಪಂಕ್ಚರ್ ಹಾಕುವ ಕಿಟ್ ಇತ್ತು. ಸಾದಾ ಟೈರು ಹಾಕಿಸಿದ ದಿನವೇ ತಗೊಂಡಿದ್ದೆ, ಆದರೆ ಬಿಚ್ಚಿ ನೋಡಿರಲಿಲ್ಲ. ಹೆಂಡತಿ ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಮೊಬೈಲ್ ಟಾರ್ಚ್ ಹಿಡಿದು ನಿಂತಳು. ಕಾರನ್ನು ಒಂದೊಂದೇ ಗೇಣು ಮುಂದೆ ತಳ್ಳಿ ಮೊಳೆ ಹುಡುಕಿದೆವು. ಎರಡಿಂಚಿನ ಮೊಳೆ, ಪುಣ್ಯಕ್ಕೆ ಸೈಡ್‌ವಾಲಿಗಲ್ಲ, ನಡುವೆಯೇ ಹೊಕ್ಕಿತ್ತು. ಕಿತ್ತಾಗ ಉಳಿದ ಗಾಳಿಯೂ ಬುಸ್ಸೆಂದು ಹೋಯಿತು. ರಂಧ್ರಕ್ಕೆ ಅರ ಹಾಕಿ ತಿರುವಬೇಕು, ಅದಕ್ಕೆ ಎಷ್ಟು ಬಲ ಬೇಕು ಅನ್ನುವುದು ಮಳೆಯಲ್ಲಿ ಮಂಡಿಯೂರಿದಾಗಲೇ ಗೊತ್ತಾಗುವುದು. ಆಮೇಲೆ ರಂಧ್ರ ಮುಚ್ಚುವ ರಬ್ಬರ್ ಸ್ಟ್ರಿಪ್ಪನ್ನು ಸೂಜಿಯಿಂದ ತುರುಕಬೇಕು. ಮೊದಲ ಸ್ಟ್ರಿಪ್ಪು ಸೂಜಿಯ ಜೊತೆಗೇ ಹೊರಗೆ ಬಂತು. ಎರಡನೆಯದೂ ಹಾಗೇ. ಮೂರನೆಯದು ಕೂತಿತು. ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಪಂಪು ಸಿಕ್ಕಿಸಿ ಗಾಳಿ ತುಂಬುವಾಗ ಒಂದು ಕೆಎಸ್‌ಆರ್‌ಟಿಸಿ ಬಸ್ಸು ನಮ್ಮಿಬ್ಬರಿಗೂ ಕೆಸರಿನ ಅಭಿಷೇಕ ಮಾಡಿ ಹೋಯಿತು. ಎಲ್ಲ ಸೇರಿ ಒಂದೂಮುಕ್ಕಾಲು ಗಂಟೆ.

ಕಾರೊಳಗೆ ಕೂತು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಅವಳು ಅಂದಿದ್ದು ಇಷ್ಟೇ: "ರೀ, ಆ ಹಳೇ ಟೈರೇ ಇದ್ದಿದ್ರೆ ಇಷ್ಟೊತ್ತಿಗೆ ಉಜಿರೆ ದಾಟಿರ್ತಿದ್ವಿ ಅಲ್ವಾ?"

ಹೌದು. ಉಜಿರೆ ಏನು, ಬೆಳ್ತಂಗಡಿಯನ್ನೂ ದಾಟಿರುತ್ತಿದ್ದೆವು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಲ್ಲಿಂದ ಈ ಟೈರಿನ ಮೇಲೆ ಪ್ರೀತಿ ಕಮ್ಮಿಯಾಗಿಲ್ಲ, ನಂಬಿಕೆ ಕಮ್ಮಿಯಾಗಿದೆ. ಟೈರಿನ ತಪ್ಪೇನೂ ಇಲ್ಲ, ಮೊಳೆಗೆ ಯಾವ ಕಂಪನಿಯಾದರೇನು. ಆದರೆ ಕತ್ತಲಾದ ಮೇಲೆ ಘಾಟಿ ಹತ್ತುವುದು ಬಿಟ್ಟಿದ್ದೇನೆ. ಕಟ್ಟಡ ಏಳುತ್ತಿರುವ ಗಲ್ಲಿ ಕಂಡರೆ ಸುತ್ತಿ ಬರುತ್ತೇನೆ. ಡಿಕ್ಕಿಯಲ್ಲಿ ಈಗ ಎರಡು ಕಿಟ್, ಪಂಕ್ಚರ್ ಮುಚ್ಚುವ ಒಂದು ಜೆಲ್ ಬಾಟಲು, ತಲೆಗೆ ಕಟ್ಟಿಕೊಳ್ಳುವ ಟಾರ್ಚು, ಮಂಡಿ ಊರಲಿಕ್ಕೆ ಒಂದು ಗೋಣಿಚೀಲ. ಟಾಪು ಮಡಚಿದರೆ ಬ್ಯಾಗಿಗೆ ಜಾಗವೇ ಇರುವುದಿಲ್ಲ. ಎರಡು ಸೀಟಿನ ಕಾರಿನಲ್ಲಿ ಮೂರನೆಯವನ ಹಾಗೆ ಈ ಭಯವೂ ಜೊತೆಗೆ ಬರುತ್ತದೆ.

ಬಾಳಿಕೆ ಬಗ್ಗೆ: 21 ಸಾವಿರ ಕಿ.ಮೀ. ಆಗಿದೆ. ಮುಂದಿನವುಗಳ ಬಟನ್ ಇನ್ನೂ 5 ಮಿ.ಮೀ. ಇದೆ. ಹಿಂದಿನವು ನಡುವಿನಲ್ಲಿ 3 ಇದ್ದರೂ ಒಳ ಅಂಚಿನಲ್ಲಿ, ಇನ್ನು ಬದಲಾಯಿಸಲೇಬೇಕು ಅನ್ನುವ 1.6ರ ಗುರುತು ಮುಟ್ಟಿವೆ. ಹಿಂದಿನ ಚಕ್ರಗಳು ಮೇಲ್ಭಾಗದಲ್ಲಿ ಒಳಕ್ಕೆ ವಾಲಿರುತ್ತವೆ, ತಿರುವಿನಲ್ಲಿ ಹಿಡಿತ ಬರಲಿ ಅಂತ. ನಿಂತು ನೋಡಿದರೆ ಒಳ ಅಂಚು ಕಾಣುವುದೇ ಇಲ್ಲ. ನಾನು ಭಾನುವಾರ ಭಾನುವಾರ ಕಲ್ಲು ಕಿತ್ತಿದ್ದೆಲ್ಲ ಹೊರಗಿನ ಅರ್ಧದಿಂದ! ಮುಂದಿನದು ಹಿಂದೆ, ಹಿಂದಿನದು ಮುಂದೆ ಬದಲಾಯಿಸೋಣ ಅಂದರೆ ಸೈಜೇ ಬೇರೆ. ನೀವು ಈ ತರಹದ ಕಾರು ಇಟ್ಟುಕೊಂಡಿದ್ದರೆ ಆರು ತಿಂಗಳಿಗೊಮ್ಮೆ ಲಿಫ್ಟ್ ಮೇಲೆ ಎತ್ತಿಸಿ, ಒಳಗೆ ಕೈ ಹಾಕಿ ಸವರಿ ನೋಡಿ.

ಹಾಗಾಗಿ ಮತ್ತೆ ಹುಡುಕಾಟ. 2025ರ ಸೆಪ್ಟೆಂಬರ್‌ನಿಂದ ಜಿಎಸ್‌ಟಿ ಶೇ. 18ಕ್ಕೆ ಇಳಿದಿದೆ ಅನ್ನುವುದೊಂದು ಸಮಾಧಾನ. ಆದರೆ ಈಗ ಅಂಗಡಿಯಲ್ಲಿ ಮೊದಲು ತೋರಿಸುವುದು ಪೈಲಟ್ ಸ್ಪೋರ್ಟ್ 5, ಅದು 4ರ ಬದಲಿಗೆ 2022ರಲ್ಲಿ ಬಂದದ್ದು. ಮುಂದೆ 4, ಹಿಂದೆ 5 ಹಾಕಲು ನನಗೆ ಮನಸ್ಸಿಲ್ಲ. ಒದ್ದೆ ರಸ್ತೆಯಲ್ಲಿ ಒಂದು ಜೋಡಿ ಒಂದು ತರ, ಇನ್ನೊಂದು ಜೋಡಿ ಇನ್ನೊಂದು ತರ ವರ್ತಿಸುವುದು ಹಿಂದಿನ ಚಕ್ರ ಎಳೆಯುವ ಕಾರಿಗೆ ಬೇಡ. ನಾಲ್ಕೂ ಬದಲಾಯಿಸೋಣ ಅಂದರೆ ಮುಂದಿನದರ 5 ಮಿ.ಮೀ. ಬಿಸಾಡಲಿಕ್ಕೆ ಜೀವ ಒಪ್ಪುವುದಿಲ್ಲ.

ಹೆಂಡತಿ ಒಂದೇ ಸಲ ಕೇಳಿದಳು, "ಈ ಸಲ ರನ್‌ಫ್ಲಾಟಾ?" ಅವಳನ್ನು ಕೂರಿಸಿಕೊಂಡು ಆ ಕಾಂಕ್ರೀಟ್ ರಸ್ತೆಯಲ್ಲಿ ಎರಡು ಸಲ ಹೋಗಿ ಬಂದೆ. ತುಪ್, ತುಪ್, ತುಪ್. ಇಬ್ಬರೂ ಮಾತಾಡಲಿಲ್ಲ. ಮನೆಗೆ ಬಂದ ಮೇಲೆ, "ಇನ್ನೊಂದು ಗೋಣಿಚೀಲ ತಗೊಳ್ಳಿ, ನನಗೂ" ಅಂದಳು.

ನಿನ್ನೆ ಕೊಯಮತ್ತೂರಿಗೆ ಫೋನ್ ಮಾಡಿದ್ದೆ. ಹಿಂದಿನ ಸೈಜಿನ ಪೈಲಟ್ ಸ್ಪೋರ್ಟ್ 4 ಎರಡಿವೆಯಂತೆ. ಒಂದು ಹೋದ ವರ್ಷದ್ದು, ಇನ್ನೊಂದು ಅದಕ್ಕಿಂತ ಹಿಂದಿನ ವರ್ಷದ್ದು. ನಾಲ್ಕಂಕಿ ಕಾಣುವ ಹಾಗೆ ಫೋಟೋ ಕಳಿಸಿ ಅಂದಿದ್ದೇನೆ. ಇನ್ನೂ ಬಂದಿಲ್ಲ.