ಡೆಡ್‌ಲಿಫ್ಟ್ ವಿಡಿಯೋನ ಮುಂದಿಂದ ತೆಗೀಬೇಡಿ, ನಾನು ತೆಗೆದೇ ಸೊಂಟ ಹಾಳ್ಮಾಡ್ಕೊಂಡೆ

ಸೊಂಟ ಹೋಗಿ ಐದು ತಿಂಗಳಾಯ್ತು. ಈಗ ಒಂದರ್ಧ ಗಂಟೆ ಒಂದೇ ಕಡೆ ಕೂತು ಟೈಪ್ ಮಾಡೋ ಮಟ್ಟಕ್ಕೆ ಬಂದಿದೀನಿ, ಅದಕ್ಕೇ ಬರೀತಿದೀನಿ. ಜಿಮ್ಮಲ್ಲಿ ಡೆಡ್‌ಲಿಫ್ಟ್ (ಎರಡೂ ತುದಿಗೆ ಭಾರದ ಪ್ಲೇಟ್ ಹಾಕಿದ ಬಾರ್‌ನ ನೆಲದಿಂದ ಎತ್ತಿ ನೆಟ್ಟಗೆ ನಿಲ್ಲೋದು) ಮಾಡೋರು, ಅದ್ರಲ್ಲೂ ವಾರ ವಾರ ಬಾರ್‌ಗೆ ಪ್ಲೇಟ್ ಏರಿಸ್ತಿರೋರು ಪೂರ್ತಿ ಓದಿ.

ಡೆಡ್‌ಲಿಫ್ಟ್ ಕೆಟ್ಟದ್ದು ಅಂತ ಹೇಳೋಕೆ ಬಂದಿಲ್ಲ ನಾನು, ಅದನ್ನ ಮೊದ್ಲೇ ಹೇಳ್ಬಿಡ್ತೀನಿ. ಮನೇಲಿ, ಆಫೀಸಲ್ಲಿ, ಎಲ್ಲ ಕಡೆ ಅದೇ ಮಾತು ಕೇಳಿ ಸಾಕಾಗಿದೆ, "ಯಾರ್ ಹೇಳಿದ್ರು ನಿಂಗೆ ಅಷ್ಟು ಭಾರ ಎತ್ತು ಅಂತ". ಭಾರದ್ದೇನೂ ತಪ್ಪಿಲ್ಲ ಸ್ವಾಮಿ. ಎತ್ತಿದ ರೀತಿ ತಪ್ಪು, ಅದು ತಪ್ಪು ಅಂತ ತೋರಿಸೋ ಸಾಕ್ಷಿ ಎರಡು ತಿಂಗಳಿಂದ ನನ್ನ ಫೋನಲ್ಲೇ ಬಿದ್ದಿತ್ತು, ನೋಡೋ ಕಣ್ಣಿರ್ಲಿಲ್ಲ ಅಷ್ಟೇ.

ಎರಡು ವರ್ಷದಿಂದ ಎತ್ತುತ್ತಿದ್ದೆ. 110 ಕೆಜಿ ತನಕ ನಿಧಾನಕ್ಕೇ ಬಂದೆ, ಅಲ್ಲಿಂದ 140ಕ್ಕೆ ಮೂರೇ ತಿಂಗಳಲ್ಲಿ ಹಾರಿದೆ. ಆ ಹೊತ್ತಿಗೆ ವಿಡಿಯೋ ಹುಚ್ಚು ಬೇರೆ ತಲೆಗೆ ಹತ್ತಿತ್ತು. ಸ್ಟ್ರಾಂಗ್‌ಮ್ಯಾನ್ ಸ್ಪರ್ಧಿಗಳ ವಿಡಿಯೋ, 2016ರಲ್ಲಿ ಎಡ್ಡಿ ಹಾಲ್ 500 ಕೆಜಿ ಎತ್ತಿ ಮೂಗಲ್ಲಿ ರಕ್ತ ಬಂದಿದ್ದು, 2020ರಲ್ಲಿ ಹಾಫ್ಥೋರ್ ಬ್ಯೋರ್ನ್‌ಸನ್ 501 ಎತ್ತಿದ್ದು, ಇವನ್ನ ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ. ದೊಡ್ಡ ಲಿಫ್ಟರ್‌ಗಳ ಮೇಲ್ಬೆನ್ನು ಸ್ವಲ್ಪ ಬಗ್ಗಿರೋದು ಕಂಡ್ರೆ ಸಾಕು, "ನೋಡು ಅವ್ರೂ ಬಗ್ಗಿಸ್ತಾರೆ" ಅಂತ ನಮ್ಗೆ ಸಮಾಧಾನ. ಅವ್ರು ಬಗ್ಗಿಸೋದು ಮೇಲ್ಬೆನ್ನು, ಅದೂ ಎತ್ತೋಕೆ ಮುಂಚೆನೇ ಒಂದು ಆಕಾರಕ್ಕೆ ತಂದು ಅಲ್ಲೇ ಬಿಗಿ ಹಿಡಿದಿರ್ತಾರೆ, ನಂದು ಎತ್ತುತ್ತಾ ಎತ್ತುತ್ತಾ ಕೆಳಸೊಂಟ ಮಡಚಿಕೊಳ್ತಿತ್ತು. ಎರಡಕ್ಕೂ ಸಂಬಂಧನೇ ಇಲ್ಲ ಅಂತ ಆಮೇಲೆ ಗೊತ್ತಾಯ್ತು.

ಆವತ್ತಿನ ಕಥೆಗೆ ಬರ್ತೀನಿ. ಬೆಳಗ್ಗೆ ಬೇಗ ಒಂದು ಮೀಟಿಂಗ್ ಇತ್ತು ಅಂತ ಐದೂವರೆಗೆ ಎದ್ದು ಆರಕ್ಕೆಲ್ಲ ಬಾರ್ ಮುಂದೆ ನಿಂತಿದ್ದೆ. ರಾತ್ರಿ ಮಲಗಿದ್ದಾಗ ಬೆನ್ನಿನ ಡಿಸ್ಕ್‌ಗಳು (ಬೆನ್ನುಮೂಳೆಗಳ ಮಧ್ಯೆ ಇರೋ ಮೆತ್ತೆಗಳು) ನೀರು ಹೀರ್ಕೊಂಡು ಉಬ್ಬಿರ್ತವೆ, ಅದಕ್ಕೇ ಎದ್ದ ತಕ್ಷಣ ನಮ್ಮ ಎತ್ತರ ಸಂಜೆಗಿಂತ ಒಂದು ಸೆಂಟಿಮೀಟರ್‌ಗೂ ಸ್ವಲ್ಪ ಜಾಸ್ತಿನೇ ಇರುತ್ತೆ, ಆ ಮೊದಲ ಒಂದು ಗಂಟೆ ಸೊಂಟ ಬಗ್ಗಿಸಿದ್ರೆ ಡಿಸ್ಕ್ ಮೇಲೆ ಬೀಳೋ ಒತ್ತಡ ಜಾಸ್ತಿ. ನಂಗೆ ಇದ್ಯಾವುದೂ ಗೊತ್ತಿರ್ಲಿಲ್ಲ, ವಾರ್ಮಪ್ ಅಂತ ಎರಡು ಸೆಟ್ ಕಾಟಾಚಾರಕ್ಕೆ ಮಾಡ್ದೆ.

ಇನ್ನೊಂದು ವಿಷ್ಯ, ಇದನ್ನ ಯಾರೂ ಹೇಳಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಆವತ್ತು 20 ಕೆಜಿ ದೊಡ್ಡ ಪ್ಲೇಟ್‌ಗಳೆಲ್ಲ ಬೇರೆಯವ್ರ ಹತ್ರ ಇದ್ವು. ಏನೀಗ ಅಂತ 15 ಕೆಜಿದು ಕಬ್ಬಿಣದ ಪ್ಲೇಟ್ ಒಂದೊಂದು ಕಡೆ ನಾಲ್ಕು ಹಾಕ್ದೆ, ಬಾರ್ 20, ಒಟ್ಟು 140, ಲೆಕ್ಕ ಸರಿಯಾಗೇ ಇತ್ತು. ಆದ್ರೆ ದೊಡ್ಡ ಪ್ಲೇಟ್ 45 ಸೆಂಟಿಮೀಟರ್ ಅಗಲ ಇರುತ್ತೆ, ಅಂದ್ರೆ ಬಾರ್ ನೆಲದಿಂದ 22.5 ಸೆಂಟಿಮೀಟರ್ ಮೇಲಿರುತ್ತೆ. ನಾನು ಹಾಕಿದ್ದು ಸುಮಾರು 35ರದ್ದು. ಬಾರ್ ಐದು ಸೆಂಟಿಮೀಟರ್ ಕೆಳಗೆ ಹೋಯ್ತು. ಐದು ಸೆಂಟಿಮೀಟರ್ ಏನ್ ಮಹಾ ಅನ್ಸುತ್ತೆ, ಆದ್ರೆ ಹ್ಯಾಮ್‌ಸ್ಟ್ರಿಂಗ್ (ತೊಡೆ ಹಿಂಭಾಗದ ಸ್ನಾಯು) ಬಿಗಿ ಇರೋ ನನ್ನಂಥೋನಿಗೆ ಆ ಐದು ಸೆಂಟಿಮೀಟರ್ ಬಗ್ಗೋಕೆ ಹಿಪ್‌ನಲ್ಲಿ ಜಾಗನೇ ಇಲ್ಲ, ಉಳಿದಿದ್ದನ್ನ ಕೆಳಸೊಂಟ ಬಗ್ಗಿ ತುಂಬಿಸುತ್ತೆ. ಸಣ್ಣ ಪ್ಲೇಟ್ ಹಾಕಿದ್ರೆ ಅದರ ಕೆಳಗೆ ರಬ್ಬರ್ ಮ್ಯಾಟೋ, ಇನ್ನೊಂದು ಪ್ಲೇಟ್ ಮಲಗಿಸೋ ಎತ್ತರ ಸರಿ ಮಾಡ್ಕೋಬೇಕು. ಎರಡು ನಿಮಿಷದ ಕೆಲಸ.

ಮೂರು ರೆಪ್ (ಒಂದ್ಸಲ ಎತ್ತಿ ಇಳಿಸಿದ್ರೆ ಒಂದು ರೆಪ್) ಬಂತು. ನಾಲ್ಕನೇದರಲ್ಲಿ ಬಾರ್‌ನ ನೆಲಕ್ಕೆ ಬಡಿದು ಪುಟಿದ ರಭಸದಲ್ಲೇ ಮೇಲೆತ್ತಿದೆ, ಇಳಿಸುವಾಗ ಅದು ಎರಡಿಂಚು ಮುಂದೆ ಕೂತ್ಕೊಂಡ್ತು. ಕಣ್ಣಾರೆ ಕಂಡೆ. ಬಾರ್ ಮತ್ತೆ ನನ್ನ ಕಾಲಿನ ಮಧ್ಯೆ ಗ್ಯಾಪ್ ಕಾಣಿಸ್ತು, ಎಳ್ಕೊಳ್ಳೋಣ ಅಂತ ಅನ್ಸಿತು ಕೂಡ. ಅಷ್ಟರಲ್ಲಿ ಹಿಂದಿಂದ ಫ್ರೆಂಡು "ಇನ್ನೊಂದು ಗುರು, ಇನ್ನೊಂದೇ" ಅಂತ ಕೂಗ್ದ, ಫೋನ್ ಬೇರೆ ಮುಂದೆ ರೆಕಾರ್ಡ್ ಆಗ್ತಿತ್ತು, ಎಳೆದೇ ಬಿಟ್ಟೆ. ಸೊಂಟ ಮೊದ್ಲು ಮೇಲೆ ಹೋಯ್ತು, ಮಂಡಿ ನೇರ ಆಯ್ತು, ಬಾರ್ ಮಾತ್ರ ಇನ್ನೂ ನೆಲದಲ್ಲೇ ಇದೆ. ಅಂದ್ರೆ ಕಾಲಿನ ಕೆಲಸ ಅಲ್ಲಿಗೆ ಮುಗೀತು, ಮಿಕ್ಕಿದ್ದೆಲ್ಲ ಬೆನ್ನಿನ ತಲೆ ಮೇಲೆ. ಬಾರ್ ಮಂಡಿ ಹತ್ರ ಬಂದಾಗ ಒಳಗೆಲ್ಲೋ ಒದ್ದೆ ಬಟ್ಟೆ ಹರಿದ ಹಾಗಾಯ್ತು. ಸೌಂಡ್ ಅಲ್ಲ, ಹಾಗೆ ಅನ್ಸಿದ್ದು ಅಷ್ಟೇ.

ಬಿಟ್ಟೆ ಬಾರ್‌ನ. "ಏನಿಲ್ಲ ಏನಿಲ್ಲ" ಅಂದೆ. ಆಮೇಲೆ ಮಾಡಿದ್ದು ಇನ್ನೂ ದೊಡ್ಡ ದಡ್ಡತನ, ಹೇಳ್ಕೊಳ್ಳೋಕೂ ನಾಚಿಕೆ, ಐದು ನಿಮಿಷ ಬಿಟ್ಟು ಉಳುಕು ಬಿಡ್ಲಿ ಅಂತ 100 ಹಾಕಿ ಇನ್ನೊಂದು ಸೆಟ್ ಎಳೆದೆ. ಹೊರಗೆ ಬಂದು ಬೈಕ್ ಮೇಲೆ ಕಾಲು ಹಾಕೋಕೆ ಹೋದ್ರೆ ಕಾಲು ಮೇಲಕ್ಕೇ ಬರ್ತಿಲ್ಲ.

ಮಾರನೇ ದಿನ ಸಾಕ್ಸ್ ಹಾಕೋಕೆ ಹದಿನೈದು ನಿಮಿಷ. ಹಲ್ಲುಜ್ಜಿ ಬೇಸಿನ್‌ಗೆ ಬಗ್ಗೋಕಾಗ್ದೆ ಒಂದು ಕೈ ಗೋಡೆಗೆ ಊರ್ಕೊಂಡು ನಿಂತಿದ್ದೆ, ಆವಾಗ ಒಂದು ಸೀನು ಬಂತು ನೋಡಿ, ಕಣ್ಣಲ್ಲಿ ನೀರು. ಮೂರನೇ ದಿನಕ್ಕೆ ನೋವು ಸೊಂಟದಿಂದ ಜಾರಿ ಎಡಗಡೆ ಕುಂಡಿ, ತೊಡೆ ಹಿಂಭಾಗ, ಮೀನಖಂಡ ದಾಟಿ ಪಾದದ ಹೊರಗಡೆ ಅಂಚಿಗೆ ಇಳೀತು. ಕಿರುಬೆರಳು ಜೋಮು ಹಿಡಿದ ಹಾಗೆ. ಡಾಕ್ಟ್ರು ಮಲಗಿಸಿ ಕಾಲು ನೇರ ಇಟ್ಟು ಮೇಲೆತ್ತಿದ್ರು, ಅರ್ಧ ದಾರಿನೂ ಹೋಗಿಲ್ಲ, ಕರೆಂಟ್ ಹೊಡೆದ ಹಾಗೆ ಚಳುಕು. ಆಮೇಲೆ ಒಂದೇ ಕಾಲಲ್ಲಿ ತುದಿಗಾಲು ಮಾಡಿ ನಿಲ್ಲಿ ಅಂದ್ರು. ಬಲಗಾಲಲ್ಲಿ ನಿಂತೆ. ಎಡಗಾಲ ಹಿಮ್ಮಡಿ ನೆಲ ಬಿಟ್ಟು ಏಳ್ಲೇ ಇಲ್ಲ. 140 ಎತ್ತೋನು, ನನ್ನ ಹಿಮ್ಮಡಿನ ಎತ್ತೋಕಾಗ್ಲಿಲ್ಲ. ಸ್ಕ್ಯಾನಲ್ಲಿ ಎಲ್5-ಎಸ್1, ಅಂದ್ರೆ ಸೊಂಟದ ತೀರಾ ಕೆಳಗಿನ ಡಿಸ್ಕ್ ಹೊರಗೆ ಚಾಚಿ ನರ ಒತ್ತುತ್ತಿತ್ತು.

ಇಂಥದ್ರಲ್ಲಿ ಬಹುತೇಕರಿಗೆ ಆಪರೇಷನ್ ಬೇಕಾಗಲ್ಲ, ಕೆಲವು ವಾರ, ಕೆಲವು ತಿಂಗಳಲ್ಲಿ ಇಳಿಯುತ್ತೆ, ಹಾಸಿಗೆ ಹಿಡಿದು ಮಲಗಬೇಡಿ, ಆದಷ್ಟು ನಡೀರಿ ಅಂದ್ರು. ಜೊತೆಗೆ ಒಂದು ಮಾತು ಗಟ್ಟಿಯಾಗಿ ಹೇಳಿದ್ರು, ಅದನ್ನ ನಾನೂ ಗಟ್ಟಿಯಾಗಿ ಹೇಳ್ತೀನಿ: ಮೂತ್ರ ಬರ್ತಿಲ್ಲ ಅಥವಾ ತಡೆಯೋಕಾಗ್ತಿಲ್ಲ, ಮೋಷನ್ ಮೇಲೆ ಹಿಡಿತ ತಪ್ಪಿದೆ, ಕುಂಡಿ ಮತ್ತೆ ತೊಡೆ ಸಂದು ಸುತ್ತ ಸ್ಪರ್ಶನೇ ಗೊತ್ತಾಗ್ತಿಲ್ಲ, ಕಾಲಿನ ಶಕ್ತಿ ದಿನಾ ಕಮ್ಮಿ ಆಗ್ತಿದೆ, ಇದ್ರಲ್ಲಿ ಯಾವುದೊಂದು ಕಂಡ್ರೂ ನಾಳೆ ನೋಡೋಣ ಅನ್ಬೇಡಿ, ಅವತ್ತೇ ಎಮರ್ಜೆನ್ಸಿಗೆ ಹೋಗಿ. ಎಣ್ಣೆ ತಿಕ್ಕಿಸ್ಕೊಂಡು ಕೂರೋ ವಿಷಯ ಅಲ್ಲ ಅದು.

ಫಿಸಿಯೋ ಹತ್ರ ಹೋದಾಗ "ವಿಡಿಯೋ ಇದ್ಯಾ" ಅಂತ ಕೇಳಿದ್ರು. ಇದ್ಯಾ ಅಂದ್ರೆ! ಹೆಮ್ಮೆಯಿಂದ ಒಂದಾದ್ಮೇಲೊಂದು ತೋರಿಸ್ದೆ. ಐದಾರು ನೋಡಿ, "ಇದ್ರಲ್ಲಿ ನಿಮ್ಮ ಮುಖ ಬಿಟ್ರೆ ಏನೂ ಕಾಣ್ತಿಲ್ವಲ್ಲ" ಅಂದ್ರು. ನಿಜ, ಎಲ್ಲಾ ಮುಂದಿಂದ. ಪ್ಲೇಟು ಕಾಣ್ಬೇಕು, ಮುಖ ಕೆಂಪಾಗಿದ್ದು ಕಾಣ್ಬೇಕು, ಅಷ್ಟೇ ನಮ್ಗೆ ಬೇಕಾಗಿದ್ದು. ಆದ್ರೆ ಒಂದರಲ್ಲಿ, 125 ಕೆಜಿದು, ಮೂಲೇಲಿದ್ದ ಕನ್ನಡಿಲಿ ನಾನು ಪಕ್ಕದಿಂದ ಕಾಣ್ತಿದ್ದೆ. ಅದನ್ನ ಜೂಮ್ ಮಾಡಿ ನಿಲ್ಲಿಸಿ ತೋರಿಸಿದ್ರು. ಬಾರ್ ಶಿನ್‌ನಿಂದ (ಮಂಡಿ ಕೆಳಗೆ ಕಾಲಿನ ಮುಂಭಾಗ) ಒಂದು ಮುಷ್ಟಿ ದೂರ, ಸೊಂಟ ಮೊದ್ಲೇ ಎದ್ದಿದೆ, ಕೆಳಬೆನ್ನು ಬಿಲ್ಲು. ಸೊಂಟ ಹೋಗೋಕೆ ಎರಡು ತಿಂಗಳ ಹಿಂದಿನ ವಿಡಿಯೋ ಅದು, ನಾನೇ ನೂರು ಸಲ ನೋಡಿರೋದು.

ಆಮೇಲೆ ಕೋಲು ಹಿಡಿದು ಮೊದಲಿಂದ ಕಲ್ತೆ. ಬಾರ್ ಪಾದದ ಮಧ್ಯಕ್ಕೆ ಸರಿಯಾಗಿ ಮೇಲಿರ್ಬೇಕು, ಮಧ್ಯ ಅಂದ್ರೆ ಹಿಮ್ಮಡಿ ಸೇರಿಸಿ ಪೂರ್ತಿ ಪಾದದ ಮಧ್ಯ, ನಮ್ಗೆ ಮೇಲಿಂದ ಕಾಣೋ ಅರ್ಧದ್ದಲ್ಲ. ನೆಟ್ಟಗೆ ನಿಂತಾಗ ಶಿನ್‌ಗೂ ಬಾರ್‌ಗೂ ಒಂದಿಂಚು. ಬಾರ್ ಹಿಡಿದ್ಮೇಲೆ ಅದನ್ನ ಅಲ್ಲಾಡಿಸದೆ ಮಂಡಿ ಮುಂದೆ ತಂದು ಶಿನ್‌ನೇ ಬಾರ್‌ಗೆ ತಾಗಿಸೋದು. ಕಂಕುಳಲ್ಲಿ ಪೇಪರ್ ಇಟ್ಟು ಬೀಳದ ಹಾಗೆ ಅದುಮಿದ್ರೆ ಲ್ಯಾಟ್ಸ್ (ಕಂಕುಳ ಕೆಳಗೆ ಬೆನ್ನಿನ ಅಗಲವಾದ ಸ್ನಾಯು) ಬಿಗಿಯಾಗುತ್ತೆ, ಬಾರ್ ಮುಂದೆ ಓಡಿಹೋಗದ ಹಾಗೆ ಹಿಡಿಯೋದು ಅದೇ. ಬಾರ್ ಮುಂದೆ ಹೋದ್ರೆ ಯಾಕೆ ಅಷ್ಟು ತೊಂದ್ರೆ ಅಂದ್ರೆ, ತುಂಬಿದ ಬಕೆಟ್‌ನ ಕಾಲಿಗೆ ಅಂಟಿಸಿ ಹಿಡೀರಿ, ಆಮೇಲೆ ಅದನ್ನೇ ಕೈ ಮುಂದೆ ಚಾಚಿ ಹಿಡೀರಿ, ನೀರು ಅಷ್ಟೇ ಇರುತ್ತೆ, ಸೊಂಟ ಏನನ್ನುತ್ತೆ ನೋಡಿ.

ಉಸಿರು ಎದೆಗಲ್ಲ, ಹೊಟ್ಟೆಗೆ, ಪಕ್ಕಕ್ಕೂ ಬೆನ್ನಿಗೂ ಉಬ್ಬೋ ಹಾಗೆ ತಗೊಂಡು ಬಿಗಿ ಹಿಡೀಬೇಕು. ಬೆಲ್ಟ್ ಕೆಲಸ ಮಾಡೋದೂ ಹೊಟ್ಟೆ ಅದನ್ನ ಒಳಗಿಂದ ತಳ್ಳಿದಾಗ ಮಾತ್ರ, ಸುಮ್ನೆ ಕಟ್ಕೊಂಡ್ರೆ ಅದೊಂದು ಅಲಂಕಾರ. ಆಮೇಲೆ ಬಾರ್‌ನ ಜಗ್ಗೋ ಮುಂಚೆ ನಿಧಾನಕ್ಕೆ ಎಳೆದ್ರೆ ಬಾರ್ ಪ್ಲೇಟ್‌ನ ರಂಧ್ರದ ಮೇಲಂಚಿಗೆ ತಾಗಿ "ಟಕ್" ಅನ್ನುತ್ತೆ. ನನ್ನ ಎರಡು ವರ್ಷದಲ್ಲಿ ಆ ಟಕ್‌ನ ಒಂದ್ಸಲನೂ ಕೇಳಿಸ್ಕೊಂಡಿರ್ಲಿಲ್ಲ, ಯಾಕಂದ್ರೆ ಯಾವಾಗ್ಲೂ ಜರ್ಕ್ ಹೊಡೆದೇ ಎತ್ತಿದ್ದು. ಟಕ್ ಅಂದ್ಮೇಲೆ ನೆಲನ ಕಾಲಲ್ಲಿ ತಳ್ಳೋದು, ಸೊಂಟ ಮತ್ತೆ ಎದೆ ಒಟ್ಟಿಗೆ ಮೇಲೇಳ್ಬೇಕು. ಮೇಲೆ ಹೋಗಿ ಹಿಂದಕ್ಕೆ ಬಾಗೋ ಶೋ ಬೇಡ, ನೆಟ್ಟಗೆ ನಿಂತ್ರೆ ಮುಗೀತು. ಇಳಿಸುವಾಗ ಸೊಂಟ ಹಿಂದೆ, ಬಾರ್ ಮಂಡಿ ದಾಟಿದ್ಮೇಲೆ ಮಂಡಿ ಬಗ್ಗಿಸೋದು. ನೆಲಕ್ಕೆ ಬಂದ್ಮೇಲೆ ಬಿಡಿ, ಉಸಿರು ತಗೊಳ್ಳಿ, ಮತ್ತೆ ಸೆಟ್ ಆಗಿ. ಪುಟಿಸೋದು ಬೇಡ.

ಶೂ ಬಗ್ಗೆ ಒಂದೇ ಮಾತು, ಮೆತ್ತನೆ ರನ್ನಿಂಗ್ ಶೂ ಹಾಕಿ ಎತ್ತೋದು ಹಾಸಿಗೆ ಮೇಲೆ ನಿಂತು ಎತ್ತಿದ ಹಾಗೆ. ಒಂದು ಕೈ ಒಳಮುಖ ಒಂದು ಕೈ ಹೊರಮುಖ ಹಿಡಿಯೋರು ಆ ಹೊರಮುಖದ ಕೈನ ಮೊಣಕೈ ಮಡಚಬೇಡಿ, ಬೈಸೆಪ್ಸ್ ಕಿತ್ತು ಬರೋದು ಅಲ್ಲೇ.

ಈಗ ಬಾರ್‌ನಲ್ಲಿ 60 ಕೆಜಿಗೆ ಬಂದು ನಿಂತಿದೀನಿ. ಕಿರುಬೆರಳು ಇನ್ನೂ ಪೂರ್ತಿ ನಂದು ಅನ್ಸಲ್ಲ. ಫೋನ್ ಪಕ್ಕದಲ್ಲಿ ಬೆಂಚ್ ಮೇಲೆ, ನೀರಿನ ಬಾಟಲಿಗೆ ಒರಗಿಸಿ ಸೊಂಟದ ಎತ್ತರಕ್ಕೆ ಇಡ್ತೀನಿ, ಮುಖ ಕಾಣೋದೇ ಇಲ್ಲ. ಕಳೆದ ವಾರ ನಾಲ್ಕನೇ ರೆಪ್ ಇಳಿಸುವಾಗ ಬಾರ್ ಒಂದು ಚೂರು ಮುಂದೆ ಕೂತ್ಕೊಂಡ್ತು. ಅದೇ ಫ್ರೆಂಡು ಹಿಂದೆ ನಿಂತಿದ್ದ, ಅಭ್ಯಾಸಬಲ, "ಇನ್ನೊಂದು ಗುರು" ಅಂದ. ನಾನು ಪ್ಲೇಟ್ ಬಿಚ್ಚೋಕೆ ಶುರು ಮಾಡ್ದೆ.