ಕೇಬಲ್ ಹೋದ ಬೆಳಿಗ್ಗೆಯೇ ಹೊಸ ಕೇಬಲ್ ಎಳೆಯಬೇಡಿ

ಬಯಲುಸೀಮೆಯ ಒಂದು ಊರಿನ ನಾಲ್ಕು ತೋಟಗಳಲ್ಲಿ ಪಂಪ್‌ಸೆಟ್ ಕೇಬಲ್ ಕಳ್ಳತನವಾದಾಗ ಆದದ್ದನ್ನು ಕೊಳವೆಬಾವಿ ಇರುವ ಪ್ರತಿಯೊಬ್ಬ ರೈತರೂ ತಿಳಿದಿರಬೇಕು. ಬೆಳಿಗ್ಗೆ ತ್ರೀಫೇಸ್ ಬಂದರೂ ನಾಲ್ಕೂ ಮೋಟಾರ್ ಓಡಲಿಲ್ಲ. ಸ್ಟಾರ್ಟರ್ ಪೆಟ್ಟಿಗೆಯ ಫ್ಯೂಸುಗಳನ್ನು ಕಿತ್ತು ಬದುವಿನ ಮೇಲೆ ಬಿಸಾಡಿದ್ದರು. ಕೇಸಿಂಗ್ ಪೈಪಿನ ಬಾಯಲ್ಲಿ ಕೇಬಲ್ ತುಂಡಾಗಿತ್ತು. ಒಂದು ಬಾವಿಯಲ್ಲಂತೂ ಒಳಗಿನ ಕೇಬಲನ್ನೂ ಜಗ್ಗಿದ್ದರಿಂದ ಅದು ಮೋಟಾರಿನ ಜಾಯಿಂಟ್ ಹತ್ತಿರವೇ ಕಿತ್ತುಬಂದಿತ್ತು. ಊರ ಹಿಂದಿನ ಹಳ್ಳದಲ್ಲಿ ಸುಟ್ಟ ಪ್ಲಾಸ್ಟಿಕ್ಕಿನ ಕಪ್ಪು ಹೆಪ್ಪು, ಅದರ ನಡುವೆ ನಾಲ್ಕಾರು ತಾಮ್ರದ ಎಳೆ.

"ಸ್ಟೇಷನ್ನಿಗೆ ಅಲೆಯೋರು ಯಾರು" ಎಂದು ನಾಲ್ವರೂ ಅಂದೇ ಪೇಟೆಯಿಂದ ಹೊಸ ಕೇಬಲ್ ತಂದು ಹಾಕಿದರು. ತಿಂಗಳು ತುಂಬುವ ಮೊದಲೇ ಅದೂ ಹೋಯಿತು. ಆಗ ಠಾಣೆಗೆ ಹೋದರೆ ಮೊದಲ ಕಳ್ಳತನ ದಾಖಲೆಯಲ್ಲೇ ಇಲ್ಲ. ಎರಡನೆಯದರ ಉದ್ದ ಎಷ್ಟು, ಬೆಲೆ ಎಷ್ಟು, ಬಿಲ್ಲು ಎಲ್ಲಿ ಎಂದರೆ ಹೇಳಲು ಯಾರಿಗೂ ಗೊತ್ತಿಲ್ಲ.

ಕಳ್ಳನಿಗೆ ಬೇಕಿರುವುದು ತಾಮ್ರ. 4 ಚದರ ಮಿ.ಮೀ.ನ ಮೂರು ಎಳೆಯ ಫ್ಲಾಟ್ ಕೇಬಲ್ಲಿನಲ್ಲಿ ಮೀಟರಿಗೆ ಸುಮಾರು 107 ಗ್ರಾಂ ತಾಮ್ರ ಇರುತ್ತದೆ, 6 ಚದರ ಮಿ.ಮೀ.ನದಾದರೆ 160 ಗ್ರಾಂ. ನೂರು ಮೀಟರ್ ಎಳೆದರೆ ಹತ್ತು ಕಿಲೋ ದಾಟಿತು. ಹೊಸ ಕೇಬಲ್ ಬಿದ್ದಿದೆ, ದೂರು ಆಗಿಲ್ಲ ಎಂದು ಗೊತ್ತಾದ ಜಾಗಕ್ಕೆ ಅವನು ಮತ್ತೆ ಬಂದೇ ಬರುತ್ತಾನೆ. ರೈತನಿಗೆ ಆಗುವ ನಷ್ಟ ಆ ಹತ್ತು ಕಿಲೋ ತಾಮ್ರಕ್ಕೆ ಮುಗಿಯುವುದಿಲ್ಲ: ಒಳಗಿನ ಕೇಬಲ್ ಕಿತ್ತರೆ ಮೋಟಾರ್ ಎತ್ತಿಸಬೇಕು, ಇಳಿಸಬೇಕು, ಅಷ್ಟರಲ್ಲಿ ಬೆಳೆ ಒಣಗುತ್ತದೆ.

ಬೆಳಿಗ್ಗೆ ಮೊದಲು ನೋಡಬೇಕಾದದ್ದು ಜೀವ. ಕತ್ತರಿಸಿದ ತುದಿಯಲ್ಲಿ ಕರೆಂಟ್ ಇದೆ ಎಂದೇ ತಿಳಿದುಕೊಳ್ಳಿ, ಸ್ಟಾರ್ಟರ್ ಒತ್ತಿ ನೋಡಬೇಡಿ. ಮಕ್ಕಳು, ದನಕರು ಅತ್ತ ಹೋಗದಂತೆ ಒಬ್ಬರನ್ನು ನಿಲ್ಲಿಸಿ, ಲೈನ್‌ಮನ್‌ಗೆ ಅಥವಾ 1912ಕ್ಕೆ ಹೇಳಿ ಕರೆಂಟ್ ತೆಗೆಸಿ. ಆಮೇಲೆ 112ಕ್ಕೆ ಕರೆ ಮಾಡಿ. ಪೊಲೀಸರು ಬರುವವರೆಗೆ ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲು ಮುಟ್ಟಬೇಡಿ. ಕಳ್ಳನ ಕೈ ತಾಗಿರುವುದು ಅಲ್ಲಿಯೇ. ಹೆಜ್ಜೆ, ಬೈಕಿನ ಚಕ್ರದ ಗುರುತು ಕಂಡರೆ ಸುತ್ತ ನಾಲ್ಕು ಕಲ್ಲಿಟ್ಟು, ಪಕ್ಕದಲ್ಲಿ ಒಂದು ಬೆಂಕಿಪೊಟ್ಟಣ ಇಟ್ಟು ಫೋಟೊ ತೆಗೆಯಿರಿ, ಅಳತೆ ತಿಳಿಯುತ್ತದೆ. ಊರವರೆಲ್ಲ ನೋಡಲು ಬಂದು ತುಳಿದ ಮೇಲೆ ಅಲ್ಲಿ ಸಿಗುವುದೇನೂ ಇರುವುದಿಲ್ಲ. ಕೇಬಲ್ ಸುಟ್ಟ ಜಾಗ ಸಿಕ್ಕರೆ ಅದನ್ನೂ ಕೆದಕದೆ ತೋರಿಸಿ.

ಹೆಚ್ಚಿನವರು ಎಡವುವುದು ದೂರಿನಲ್ಲಿ. "ಸ್ವಲ್ಪ ಕೇಬಲ್, ಎರಡು ಮೂರು ಸಾವಿರದ್ದು" ಎಂದು ಬಾಯಿಗೆ ಬಂದದ್ದನ್ನು ಹೇಳಿಬಿಡುತ್ತಾರೆ. ಭಾರತೀಯ ನ್ಯಾಯ ಸಂಹಿತೆಯ 303(2)ರ ಸಾದಾ ಕಳ್ಳತನದಲ್ಲಿ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದರೆ ಅದು ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಹಾಗಾಗಿ ಲೆಕ್ಕ ಹಾಕದೆ ಬೆಲೆ ಹೇಳಬೇಡಿ. ಸುಳ್ಳು ಸೇರಿಸುವುದೂ ಬೇಡ. ಎಷ್ಟು ಮೀಟರ್, ಎಷ್ಟು ಚದರ ಮಿ.ಮೀ., ಯಾವ ಕಂಪನಿಯದು, ಯಾವಾಗ ಕೊಂಡದ್ದು, ಇಂದಿನ ಅಂಗಡಿ ಬೆಲೆ ಎಷ್ಟು ಎಂದು ಬರೆದು, ಬಿಲ್ಲಿನ ನಕಲು ಲಗತ್ತಿಸಿ. ಸಾಮಾನು ಇಡುವ ಪಂಪ್‌ಮನೆಯೊಳಗಿಂದ ಹೋಗಿದ್ದರೆ ಅದನ್ನು ಸ್ಪಷ್ಟವಾಗಿ ನಮೂದಿಸಿ, ಅದಕ್ಕೆ ಕಲಂ 305 ಬರುತ್ತದೆ, ಏಳು ವರ್ಷದವರೆಗೆ ಶಿಕ್ಷೆ ಇದೆ. ಹೋದದ್ದು ಟ್ರಾನ್ಸ್‌ಫಾರ್ಮರಿನ ಸಾಮಾನಾದರೆ ಸ್ವತ್ತು ವಿದ್ಯುತ್ ಕಂಪನಿಯದು. ಸೆಕ್ಷನ್ ಆಫೀಸರರೇ ದೂರು ಕೊಡಬೇಕು, ಬೆನ್ನು ಹತ್ತಿ ಕೊಡಿಸಿ.

ಎಫ್‌ಐಆರ್ ಪ್ರತಿ ಪುಕ್ಕಟೆಯಾಗಿ ಕೊಡಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಹೇಳುತ್ತದೆ. ನಮ್ಮ ಸರಹದ್ದಲ್ಲ ಎಂದು ವಾಪಸ್ ಕಳಿಸುವಂತಿಲ್ಲ. ಆನ್‌ಲೈನಿನಲ್ಲಿ ದೂರು ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು, ಇದನ್ನು ಮರೆತವರು ಬಹಳ. ದಾಖಲಿಸಲು ಒಪ್ಪದಿದ್ದರೆ ಬರಹದಲ್ಲಿ ಅಂಚೆ ಮೂಲಕ ಎಸ್‌ಪಿಗೆ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ.

ಮಾಲು ಸಿಕ್ಕರೂ ವಾಪಸ್ ಬಾರದಿರುವುದಕ್ಕೆ ಕಾರಣ ಗುರುತು ಇಲ್ಲದಿರುವುದು. ಸುಟ್ಟ ತಾಮ್ರಕ್ಕೆ ಹೆಸರಿಲ್ಲ. ಆದರೆ ಸುಡುವ ಮೊದಲೇ ಸಿಕ್ಕಿಬಿದ್ದರೆ ಕೇಬಲ್ ಮೇಲೆ ಅಚ್ಚಾಗಿರುವ ಹೆಸರು, ಮೀಟರ್ ಅಂಕಿಗಳೇ ಸಾಕ್ಷಿ. ಎಳೆಯುವ ದಿನವೇ ಎರಡೂ ತುದಿಯ ಅಂಕಿ, ಮೋಟಾರ್ ಮತ್ತು ಸ್ಟಾರ್ಟರಿನ ಸೀರಿಯಲ್ ನಂಬರಿನ ಫೋಟೊ ತೆಗೆದಿಡಿ. ಎರಡು ಮೀಟರಿಗೊಂದು ಕಡೆ ಎನಾಮಲ್ ಬಣ್ಣದಲ್ಲಿ ನಿಮ್ಮದೇ ಗುರುತು ಹಾಕಿ. ಸ್ಟಾರ್ಟರಿನಿಂದ ಬಾವಿಯವರೆಗಿನ ಕೇಬಲನ್ನು ಪೈಪಿನೊಳಗೆ ತೂರಿಸಿ ಎರಡೂವರೆ ಮೂರು ಅಡಿ ಆಳಕ್ಕೆ ಹೂಳಿ. ಬಾವಿಯೊಳಗೆ ಮೂರು ಮೀಟರಿಗೊಂದು ಕ್ಲಾಂಪ್ ಇದ್ದರೆ ಜಗ್ಗಿದರೂ ಬರುವುದಿಲ್ಲ. ಹೊರಗಿನ ಭಾಗಕ್ಕೆ ಅಲ್ಯೂಮಿನಿಯಂ ಹಾಕುವವರು ದಪ್ಪ ಹೆಚ್ಚಿಸಲೇಬೇಕು (ತಾಮ್ರ 4 ಚದರ ಮಿ.ಮೀ. ಇದ್ದಲ್ಲಿ ಕಡಿಮೆಯೆಂದರೂ 6), ತಾಮ್ರ ಸೇರುವಲ್ಲಿ ಎರಡೂ ಲೋಹ ಕೂಡಿಸುವ ಬೈಮೆಟಲ್ ಲಗ್ ಬೇಕು, ಇಲ್ಲವಾದರೆ ಜಾಯಿಂಟ್ ಕಾದು ಸುಡುತ್ತದೆ. ಕೇಬಲ್ ಕತ್ತರಿಸಿದರೆ ಫೋನಿಗೆ ಕರೆ ಮಾಡುವ ಮೊಬೈಲ್ ಸ್ಟಾರ್ಟರ್ ಕೊಳ್ಳುವವರು ಬ್ಯಾಟರಿ ಇರುವುದನ್ನೇ ಕೊಳ್ಳಿ. ಕರೆಂಟ್ ಇಲ್ಲದ ಹೊತ್ತಿನಲ್ಲಿ ಕತ್ತರಿಸಿದಾಗ ಬ್ಯಾಟರಿ ಇಲ್ಲದ ಪೆಟ್ಟಿಗೆ ಕರೆ ಮಾಡಲಾರದು.

ಆ ಹೊತ್ತಿನ ಮಾತು ಬಹಳ ಮುಖ್ಯ. ಪಂಪ್‌ಸೆಟ್ಟುಗಳಿಗೆ ತ್ರೀಫೇಸ್ ಬರುವುದು ದಿನಕ್ಕೆ ಏಳು ತಾಸು, ಪಾಳಿ ಯಾವುದೆಂದು ಕಳ್ಳನಿಗೂ ಗೊತ್ತು. ತ್ರೀಫೇಸ್ ಇಲ್ಲದ ರಾತ್ರಿಯೇ ಅವನ ಕೆಲಸದ ಹೊತ್ತು. ಆದರೆ ಗಸ್ತಿಗೆ ಬರುವ ಪೇದೆಗೆ ಯಾವ ಫೀಡರಿನಲ್ಲಿ ಯಾವ ಪಾಳಿ ಎಂದು ಯಾರೂ ಹೇಳಿರುವುದಿಲ್ಲ. 2017ರಿಂದ ರಾಜ್ಯದಲ್ಲಿ ಪ್ರತಿ ಬೀಟಿಗೂ (ಗಸ್ತಿನ ಪ್ರದೇಶಕ್ಕೂ) ಒಬ್ಬ ಪೇದೆ, ಜೊತೆಗೆ ಊರಿನವರ ಬೀಟ್ ಸಮಿತಿ ಎಂಬ ವ್ಯವಸ್ಥೆ ಇದೆ. ಮೊದಲು ತಳವಾರ ಊರಿನ ಒಳಹೊರಗು ಬಲ್ಲವನಾಗಿದ್ದ, ಈಗ ಆ ತಿಳಿವಳಿಕೆಯನ್ನು ಪೇದೆಗೆ ನಾವೇ ಕೊಡಬೇಕು. ಠಾಣೆಗೆ ಹೋಗಿ ನಿಮ್ಮ ಬೀಟಿನವರ ಹೆಸರು, ನಂಬರ್ ಕೇಳಿ ಪಡೆಯಿರಿ. ಒಂದು ಹಾಳೆಯಲ್ಲಿ ಊರಿನ ಕೊಳವೆಬಾವಿಗಳು, ತೋಟಕ್ಕೆ ಹೋಗುವ ಬಂಡಿದಾರಿಗಳು, ಹಳ್ಳ, ಹಾಳು ಕಲ್ಲುಕ್ವಾರಿ ಬರೆದು ಕೊಡಿ. ಪಾಳಿ ಬದಲಾದಾಗೆಲ್ಲ ತಿಳಿಸಿ. ಗುಜರಿ ಅಂಗಡಿಗಳಲ್ಲಿ ಸುಟ್ಟ ತಾಮ್ರ ತಂದವರ ಗುರುತಿನ ಚೀಟಿ ಬರೆದಿಡುತ್ತಾರೆಯೇ ಎಂದು ನೋಡಲು ಪೇದೆಯನ್ನು ಕೇಳಿ. ಕದ್ದದ್ದೆಂದು ತಿಳಿದೂ ಕೊಳ್ಳುವುದು ನ್ಯಾಯ ಸಂಹಿತೆಯ ಕಲಂ 317ರ ಅಪರಾಧ.

ಸಿಟ್ಟಿನಲ್ಲಿ ಬೇಲಿಗೋ ಪೆಟ್ಟಿಗೆಗೋ ಕರೆಂಟ್ ಕೊಟ್ಟು ಕಾಯುವವರಿದ್ದಾರೆ, ದಯವಿಟ್ಟು ಬೇಡ. ಸತ್ತವನು ಕಳ್ಳನೇ ಆಗಿದ್ದರೂ ಜೈಲಿಗೆ ಹೋಗುವುದು ತೋಟದವನು. ಎಷ್ಟೋ ಸಲ ಸಾಯುವುದು ಮನೆಯವರೇ. ಅಪರಿಚಿತ ಬೈಕಿನ ಫೋಟೊ ವಾಟ್ಸಾಪಿನಲ್ಲಿ "ಇವರೇ ಕಳ್ಳರು" ಎಂದು ಹರಿಯಬಿಡಬೇಡಿ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವದಂತಿಗೆ ಜನ ಹೊಡೆದು ಕೊಂದದ್ದು ಹೈದರಾಬಾದಿನಿಂದ ಬಂದಿದ್ದ ಸಾಫ್ಟ್‌ವೇರ್ ಎಂಜಿನಿಯರನ್ನು.

ಕಣ್ಣೆದುರೇ ಕತ್ತರಿಸುವಾಗ ಸಿಕ್ಕವನನ್ನು ಹಿಡಿಯಲು ಕಾನೂನಿನಲ್ಲಿ ಅವಕಾಶ ಇದೆ. ಆದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಲೇಬೇಕು. ಹೊಡೆಯಬೇಡಿ, ಕಂಬಕ್ಕೆ ಕಟ್ಟಬೇಡಿ, ವಿಡಿಯೊ ಮಾಡಿ ಹಂಚಬೇಡಿ. ಹಿಡಿದ ಹೊತ್ತು, 112ಕ್ಕೆ ಕರೆ ಹೋದ ಹೊತ್ತು, ನೋಡಿದವರ ಹೆಸರು ಬರೆದಿಟ್ಟುಕೊಳ್ಳಿ. ಅವನ ಬೈಕು, ಕಟ್ಟರ್, ಚೀಲ ಬಿದ್ದಲ್ಲೇ ಬಿಡಿ, ಪಂಚನಾಮೆಗೆ ಅವೇ ಬೇಕು.